ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಕಿಲೋಮೀಟರ್ ಅಷ್ಟೇ, ಗಂಟೆ ಮಾತ್ರ ಬೇರೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ನೇರ ಲೆಕ್ಕದಲ್ಲಿ ಸುಮಾರು 14,000 ಕಿ.ಮೀ. ಅದೇನೂ ಬದಲಾಗುವುದಿಲ್ಲ. ಎಷ್ಟು ಹೊತ್ತು ಎಂದು ಕೇಳಿದರೆ ಮಾತ್ರ, ಯಾವ ವರ್ಷ, ಯಾವ ಕಂಪನಿ, ಹೋಗೋದಾ ಬರೋದಾ ಎಂದು ತಿರುಗಿ ಕೇಳಬೇಕಾಗುತ್ತದೆ.

ಮನೆಯಲ್ಲಿ ಗ್ಲೋಬ್ ಇದ್ದರೆ ಎರಡೂ ಊರಿಗೆ ಒಂದು ದಾರ ಬಿಗಿದು ನೋಡಿ. ದಾರ ಪೂರ್ವಕ್ಕೂ ಹೋಗದು, ಪಶ್ಚಿಮಕ್ಕೂ ಹೋಗದು. ಹಿಮಾಲಯ ಹತ್ತಿ, ಟಿಬೆಟ್ ದಾಟಿ, ಸೈಬೀರಿಯಾ ಸವರಿಕೊಂಡು ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಪೈಲಟ್‌ಗಳು ಈ ದಾರದ ಮೇಲೇ ಹಾರುವುದಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ ಕೈಕೊಟ್ಟರೆ ವಿಮಾನ ತಕ್ಷಣ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ! ಹಾಗಾಗಿ ಸುತ್ತು ಹೊಡೆಯಲೇಬೇಕು.

2008ರ ಮೇ ತನಕ, ಅಂದರೆ ದೇವನಹಳ್ಳಿ ನಿಲ್ದಾಣ ತೆರೆಯುವವರೆಗೆ, ಐಟಿಯವರೆಲ್ಲ ಎಚ್‌ಎಎಲ್ ನಿಲ್ದಾಣದಿಂದಲೇ ಹೊರಡುತ್ತಿದ್ದರು. ಆಮೇಲೂ ಎಷ್ಟೋ ವರ್ಷ ಫ್ರಾಂಕ್‌ಫರ್ಟ್, ದುಬೈ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸುವುದೇ ರೂಢಿ. ಮನೆ ಬಾಗಿಲಿಗೆ ತಲುಪುವಷ್ಟರಲ್ಲಿ ಒಂದು ದಿನ ಕಳೆಯಿತು ಅಂತಲೇ ಲೆಕ್ಕ. ಚೆನ್ನಾಗಿ ನಡೆಯುವ ಅಪ್ಪ-ಅಮ್ಮಂದಿರಿಗೂ ಮಕ್ಕಳು ವ್ಹೀಲ್‌ಚೇರ್ ಬುಕ್ ಮಾಡುತ್ತಿದ್ದರು. ಕಾಲು ನೋವಿಗಲ್ಲ, ಗೇಟ್ ತಪ್ಪಬಾರದು ಎಂದು.

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ನೇರ ಬೆಂಗಳೂರಿಗೆ ಹೊರಟಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ನಾಯಕಿ ಕ್ಯಾಪ್ಟನ್ ಜೋಯಾ ಅಗರ್ವಾಲ್. ಉತ್ತರ ಧ್ರುವದ ಮೇಲಿಂದ ಬಂದು 11ರ ಬೆಳಗಿನ ಜಾವ ಇಳಿಯಿತು. ಹಾರಾಟ ಸುಮಾರು 17 ಗಂಟೆ, ಮೇಲೆ ಹದಿಮೂರೂವರೆ ಗಂಟೆಯ ಸಮಯ ವ್ಯತ್ಯಾಸ. ಆ ಪ್ರಯಾಣಿಕರ ಪಾಲಿಗೆ ಜನವರಿ 10 ಪೂರ್ತಿ ಆಕಾಶದಲ್ಲೇ ಕಳೆಯಿತು ಅನ್ನಿ.

ಧ್ರುವದ ದಾರಿಯಲ್ಲಿ ಚಳಿಯದೇ ಚಿಂತೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಇಂಧನ ಮೈನಸ್ 40 ಡಿಗ್ರಿಗೆ ಗಟ್ಟಿಯಾಗತೊಡಗುತ್ತದೆ. ಅದಕ್ಕೇ ಪೈಲಟ್‌ಗಳ ಕಣ್ಣು ಇಂಧನದ ಉಷ್ಣತೆಯ ಮೇಲೇ ಇರುತ್ತದೆ. ತೀರಾ ತಣ್ಣಗಾದರೆ ಕೆಳಗಿಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಹೋಗುವಾಗ ಕಥೆ ಬೇರೆ. ಪೆಸಿಫಿಕ್ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಹಿಂದಿನಿಂದ ತಳ್ಳುತ್ತದೆ, ನೇರ ವಿಮಾನದಲ್ಲಿ 16 ಗಂಟೆಯ ಆಸುಪಾಸಿನಲ್ಲೇ ತಲುಪಬಹುದಿತ್ತು.

ಆದರೆ ಗಾಳಿಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಗಡಿಗಳು. ಯುನೈಟೆಡ್ ಏರ್‌ಲೈನ್ಸ್ ಕೂಡ ಇದೇ ಮಾರ್ಗವನ್ನು 2020ರಲ್ಲಿ ಘೋಷಿಸಿತ್ತು. ಅದರ ಆರಂಭದ ದಿನ ಮುಂದೂಡುತ್ತಿರುವಾಗಲೇ, 2022ರ ಉಕ್ರೇನ್ ಯುದ್ಧದಿಂದಾಗಿ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಏರ್ ಇಂಡಿಯಾಕ್ಕೆ ಆ ತಡೆ ಇರಲಿಲ್ಲ. ಅದರಲ್ಲೂ ಒಂದು ಪಜೀತಿ: 2023ರ ಜೂನ್‌ನಲ್ಲಿ ಅದರ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನದ ಎಂಜಿನ್ ಕೆಟ್ಟು, ರಷ್ಯಾದ ಮೂಲೆಯ ಮಗದಾನ್‌ನಲ್ಲಿ ಇಳಿಯಬೇಕಾಯಿತು. ಪುಟ್ಟ ಊರು, ಹೋಟೆಲ್ ಸಾಲಲಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಬದಲಿ ವಿಮಾನಕ್ಕೆ ಕಾಯುತ್ತಾ ಶಾಲೆ, ಡಾರ್ಮಿಟರಿಗಳಲ್ಲಿ ಮಲಗಿದರು.

2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವೂ ಭಾರತದ ವಿಮಾನಗಳಿಗೆ ಆಕಾಶ ಮುಚ್ಚಿತು. ಹಿಮಾಲಯವನ್ನು ಪಶ್ಚಿಮದಿಂದ ಬಳಸಿ ಹೋಗುವ ದಾರಿಯೂ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊದ ವಿಮಾನಗಳು ಇಂಧನಕ್ಕಾಗಿ ಕೋಲ್ಕತ್ತಾದಲ್ಲಿ ನಿಲ್ಲತೊಡಗಿದವು. ಫ್ರಾಂಕ್‌ಫರ್ಟ್ ತಪ್ಪಿಸಲು ನೇರ ಟಿಕೆಟ್ ಕೊಂಡವರು ಕೋಲ್ಕತ್ತಾದಲ್ಲಿ ಸುಮ್ನೆ ಸೀಟಿನಲ್ಲೇ ಕೂತು, ಕಿಟಕಿಯಿಂದ ಟ್ಯಾಂಕರ್ ನೋಡಬೇಕಾಯಿತು.