ತೋಟದ ತಾಕಿಗೆ ಕಾಯುವವರು, ತಾಕು ಬಿಟ್ಟು ಹೋಗುವವರು

ಸಮುದಾಯ ತೋಟ ನಡೆಸುವವರ ಸಭೆಯಲ್ಲಿ ಮೊದಲು ಮೇಜಿನ ಮೇಲೆ ಬರುವುದು ವೇಟಿಂಗ್ ಲಿಸ್ಟ್. ಅದು ಉದ್ದವಾಗಿದ್ದರೆ ‘ಜಾಗ ಸಾಲದು, ಹೊಸ ತೋಟ ಬೇಕು’ ಎಂಬ ಮಾತು ಶುರುವಾಗುತ್ತದೆ. ಚಿಕ್ಕದಾಗಿದ್ದರೆ ‘ಯಾರಿಗೂ ಬೇಡವಾಗಿದೆ, ಜಾಗವನ್ನು ಬೇರೆ ಕೆಲಸಕ್ಕೆ ಕೊಡೋಣ’ ಎನ್ನುವವರು ಇರುತ್ತಾರೆ. ಎರಡೂ ಅವಸರದ ಮಾತು. ತಾಕು ಹಂಚುವುದು, ಬಿಟ್ಟುಹೋದ ತಾಕನ್ನು ವಾಪಸ್ ಪಡೆದು ಇನ್ನೊಬ್ಬರಿಗೆ ಕೊಡುವುದು, ಇದೇ ನನ್ನ ಕೆಲಸ. ಹಾಗಾಗಿ ಪಟ್ಟಿಗಿಂತ ಮೊದಲು ನಾನು ಕೇಳುವುದು ಬೇರೆ ಲೆಕ್ಕ. ತಾಕು ಪಡೆದವರಲ್ಲಿ ಎಷ್ಟು ಜನ ಮೂರನೇ ವರ್ಷವೂ ಗುದ್ದಲಿ ಹಿಡಿದಿದ್ದಾರೆ?

ಗೊತ್ತಿಲ್ಲದವರಿಗೆ ಒಂದು ಮಾತು. ದೊಡ್ಡ ಜಾಗವೊಂದನ್ನು ಸಣ್ಣ ಸಣ್ಣ ತಾಕುಗಳಾಗಿ ಮಾಡಿ, ವರ್ಷದ ಬಾಡಿಗೆಗೆ ಒಂದೊಂದು ಮನೆಗೆ ಕೊಡುತ್ತಾರೆ. ಅವರು ಅಲ್ಲಿ ತಮಗೆ ಬೇಕಾದ ತರಕಾರಿ, ಹಣ್ಣು, ಹೂವು ಬೆಳೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕೆ ಅಲಾಟ್ಮೆಂಟ್ ಎನ್ನುತ್ತಾರೆ. ಜರ್ಮನಿಯಲ್ಲಿ 1864ರಲ್ಲಿ ಲೈಪ್ಜಿಗ್ ನಗರದಲ್ಲಿ ಶ್ರೇಬರ್ ಎಂಬ ವೈದ್ಯರ ಹೆಸರಿನಲ್ಲಿ ಹುಟ್ಟಿದ ಸಂಘದಿಂದಾಗಿ ಶ್ರೇಬರ್ ತೋಟ ಎಂಬ ಹೆಸರು ಬಂತು. ಅದು ಶುರುವಾಗಿದ್ದು ಮಕ್ಕಳ ಆಟದ ಮೈದಾನವಾಗಿ. ಅಂಚಿನಲ್ಲಿ ಮಕ್ಕಳಿಗಾಗಿ ಮಾಡಿದ ಮಡಿಗಳನ್ನು ಆಮೇಲೆ ಅಪ್ಪ ಅಮ್ಮಂದಿರು ನೋಡಿಕೊಳ್ಳತೊಡಗಿದರು, ತೋಟ ಬೆಳೆಯಿತು.

ಈ ತಾಕುಗಳ ಬೇಡಿಕೆ ಯಾವತ್ತೂ ಒಂದೇ ಸಮ ಇದ್ದದ್ದಿಲ್ಲ. ಕಷ್ಟ ಬಂದಾಗ ಏರುತ್ತದೆ, ಕಷ್ಟ ಕಳೆದ ಮೇಲೆ ಇಳಿಯುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕೆಲಸ ಕಳೆದುಕೊಂಡವರು ಆಲೂಗಡ್ಡೆ ಬೆಳೆದುಕೊಳ್ಳಲಿ ಎಂದು ಮೇಯರ್ ಹೇಜನ್ ಪಿಂಗ್ರೀ 1894ರಲ್ಲಿ ಖಾಲಿ ನಿವೇಶನಗಳನ್ನು ಹಂಚಿಸಿದರು. ಆರ್ಥಿಕತೆ ಚೇತರಿಸಿಕೊಂಡ ಮೇಲೆ ಅಂಥ ತೋಟಗಳು ಹಿಂದೆ ಸರಿದವು. ಎರಡನೇ ಮಹಾಯುದ್ಧದ ಹೊತ್ತಿಗೆ ಅದೇ ದೇಶದಲ್ಲಿ ಸುಮಾರು 2 ಕೋಟಿ ‘ವಿಕ್ಟರಿ ಗಾರ್ಡನ್’ಗಳು, ಅಂದರೆ ಯುದ್ಧಕಾಲದ ಆಹಾರಕ್ಕೆಂದು ಜನ ಮಾಡಿಕೊಂಡ ತರಕಾರಿ ತೋಟಗಳು, ಇದ್ದವು. ಯುದ್ಧ ಮುಗಿದದ್ದೇ ಬಹುಪಾಲು ತೋಟಗಳು ಹುಲ್ಲುಹಾಸಾದವು. ಬ್ರಿಟನ್ನಿನಲ್ಲಿ ಯುದ್ಧಕಾಲದಲ್ಲಿ ಸುಮಾರು 14 ಲಕ್ಷ ತಾಕುಗಳಿದ್ದವು. 1990ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಉಳಿದದ್ದು ಸುಮಾರು 3 ಲಕ್ಷ.

ಆ ಕೊನೆಯ ಅಂಕಿಯ ಒಳಗೊಂದು ಪಾಠ ಇದೆ. ಆಗಿನ ಸಮೀಕ್ಷೆಯ ಪ್ರಕಾರ ಇಂಗ್ಲೆಂಡಿನಲ್ಲಿ 40 ಸಾವಿರಕ್ಕೂ ಹೆಚ್ಚು ತಾಕುಗಳು ಖಾಲಿ ಬಿದ್ದಿದ್ದವು. ಅದೇ ಹೊತ್ತಿಗೆ ಸುಮಾರು 13 ಸಾವಿರ ಜನ ತಾಕಿಗಾಗಿ ಕಾಯುತ್ತಲೂ ಇದ್ದರು! ಒಟ್ಟು ಲೆಕ್ಕ ಹಾಕಿದರೆ ಕಾಯುವವರೆಲ್ಲರಿಗೂ ಕೊಟ್ಟು ಇನ್ನೂ ಮಿಗುತ್ತಿತ್ತು. ಆದರೆ ಖಾಲಿ ಇದ್ದ ಜಾಗದಲ್ಲಿ ಕೇಳುವವರಿರಲಿಲ್ಲ, ಕೇಳುವವರಿದ್ದ ಕಡೆ ಜಾಗ ಇರಲಿಲ್ಲ. ಜರ್ಮನಿಯಲ್ಲಿ ಇಂದಿಗೂ ಇದೇ ಕಥೆ. ಜನ ಕಡಿಮೆಯಾದ ಪೂರ್ವ ಭಾಗದ ಊರುಗಳಲ್ಲಿ ತಾಕುಗಳು ಪಾಳು ಬಿದ್ದಿವೆ. ಬರ್ಲಿನ್, ಮ್ಯೂನಿಕ್‌ನಂಥ ನಗರಗಳಲ್ಲಿ ವರ್ಷಗಟ್ಟಲೆ ಕಾಯಬೇಕು. ತೋಟಕ್ಕೆ ವಾರಕ್ಕೆ ಎರಡು ಮೂರು ಸಲವಾದರೂ ಹೋಗಬೇಕಲ್ವಾ? ನಡೆದೋ ಸೈಕಲ್ ಮೇಲೋ ಹೋಗುವಷ್ಟು ಹತ್ತಿರ ಇಲ್ಲದ ತಾಕು ಇದ್ದೂ ಇಲ್ಲದ ಹಾಗೆ.

ಆಮೇಲೆ ಗಾಳಿ ತಿರುಗಿತು. ಬ್ರಿಟನ್ನಿನ ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1996ರಲ್ಲಿ ಪ್ರತಿ 100 ತಾಕಿಗೆ ಸರಾಸರಿ 4 ಜನ ಕಾಯುತ್ತಿದ್ದರು. 2013ರ ಹೊತ್ತಿಗೆ 52 ಜನ. ಮುಂದೆ 2020ರಲ್ಲಿ ಕೋವಿಡ್ ಬಂದು ಜನ ಮನೆಯಲ್ಲೇ ಉಳಿದಾಗ ಬೀಜದ ಅಂಗಡಿಗಳೇ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸುವಷ್ಟು ನೂಕುನುಗ್ಗಲಾಯಿತು. ತಾಕಿನ ಅರ್ಜಿಗಳೂ ಹಾಗೆಯೇ ಏರಿದವು.

ಇಲ್ಲಿ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 100 ತಾಕುಗಳ ತೋಟ ಅಂದುಕೊಳ್ಳಿ. ವರ್ಷಕ್ಕೆ 8 ತಾಕು ತೆರವಾಗುತ್ತವೆ, ಪಟ್ಟಿಯಲ್ಲಿ 60 ಜನ ಇದ್ದಾರೆ. ಕೊನೆಯವರ ಸರದಿ ಬರಲು ಏಳೂವರೆ ವರ್ಷ. ಪಕ್ಕದ ತೋಟದಲ್ಲೂ 100 ತಾಕು, 60 ಜನ, ಆದರೆ ವರ್ಷಕ್ಕೆ 20 ತಾಕು ತೆರವಾಗುತ್ತವೆ. ಅಲ್ಲಿ ಮೂರೇ ವರ್ಷ. ದೂರದಿಂದ ನೋಡಿದರೆ ಎರಡನೆಯದೇ ಚೆನ್ನಾಗಿ ನಡೆಯುತ್ತಿದೆ ಎನ್ನಿಸುತ್ತದೆ. ನನಗೆ ಆತಂಕವಾಗುವುದು ಎರಡನೆಯದರ ಬಗ್ಗೆ. ಪ್ರತಿ ವರ್ಷ ಐದರಲ್ಲಿ ಒಬ್ಬರು ಬಿಟ್ಟು ಹೋಗುವ ತೋಟದಲ್ಲಿ ಯಾವುದೋ ತೊಂದರೆ ಇದೆ. ಬರೀ ಕಾಯುವ ಅವಧಿಯನ್ನು ನೋಡಿದರೆ ಅದು ಕಾಣುವುದಿಲ್ಲ.

ಪಟ್ಟಿಯಲ್ಲಿರುವ ಹೆಸರುಗಳೂ ಅಷ್ಟೇ. ಒಬ್ಬರೇ ಮೂರು ತೋಟಗಳಲ್ಲಿ ಹೆಸರು ಬರೆಸಿರುತ್ತಾರೆ. ಕೆಲವರು ಊರು ಬಿಟ್ಟಿರುತ್ತಾರೆ. ಇನ್ನು ಕೆಲವರು ಅರ್ಜಿ ಹಾಕಿದಾಗ ಮಗು ಚಿಕ್ಕದಿತ್ತು, ಸರದಿ ಬರುವಷ್ಟರಲ್ಲಿ ಜೀವನವೇ ಬೇರೆಯಾಗಿರುತ್ತದೆ. ಹಳೆಯ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿದವರಿಗೆ ಇದು ಗೊತ್ತು. ‘ಹೌದು, ನನಗೆ ಈಗಲೂ ಬೇಕು’ ಎನ್ನುವವರನ್ನು ತಲುಪಲು ಹಲವು ಹೆಸರು ದಾಟಬೇಕು. ಅದಕ್ಕೇ ವರ್ಷಕ್ಕೊಮ್ಮೆ ಎಲ್ಲರಿಗೂ ಸಂದೇಶ ಕಳಿಸಿ, ‘ಈಗಲೂ ಬೇಕೇ?’ ಎಂದು ಕೇಳಿ ಪಟ್ಟಿಯನ್ನು ಶುದ್ಧ ಮಾಡಬೇಕು. ಹೊಸ ಜಾಗ ಕೇಳಲು ಹೊರಟವರಂತೂ ಮೊದಲು ಈ ಕೆಲಸ ಮುಗಿಸಲಿ. ಚಿಕ್ಕದಾದರೂ ನಿಜವಾದ ಪಟ್ಟಿಗೆ ಜಾಸ್ತಿ ತೂಕ. ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಇಂಗ್ಲೆಂಡಿನ 1908ರ ಕಾಯ್ದೆಯಲ್ಲಿ ಆ ಪ್ರದೇಶದ ಆರು ಮತದಾರರು ಅಥವಾ ತೆರಿಗೆದಾರರು ತೋಟ ಬೇಕು ಎಂದು ಬರೆದುಕೊಟ್ಟರೆ ಸ್ಥಳೀಯ ಆಡಳಿತ ಅದನ್ನು ಪರಿಗಣಿಸಲೇಬೇಕು ಎಂದಿದೆ. ಆರು ಜನ ಸಾಕು, ಆದರೆ ಆ ಆರು ಜನರಿಗೆ ತೋಟ ನಿಜವಾಗಿ ಬೇಕಿರಬೇಕು.

ಈಗ ಬದಲಾಗಿರುವುದು ಬರೀ ಸಂಖ್ಯೆಯಲ್ಲ. ಕೇಳುವವರು ಬದಲಾಗಿದ್ದಾರೆ, ಅವರು ಕೇಳುತ್ತಿರುವುದೂ ಬದಲಾಗಿದೆ. ಬ್ರಿಟನ್ನಿನ ಹಳೆಯ ತಾಕಿನ ಅಳತೆ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ದೊಡ್ಡ ಕೂಲಿ ಕುಟುಂಬವೊಂದು ವರ್ಷದ ಆಲೂಗಡ್ಡೆ, ಕೋಸು, ಈರುಳ್ಳಿಯನ್ನು ಅಲ್ಲೇ ಬೆಳೆದು ಉಣ್ಣುತ್ತಿದ್ದ ಕಾಲದ ಅಳತೆ ಅದು. 1922ರ ಕಾಯ್ದೆಯೂ ತಾಕನ್ನು ವಿವರಿಸುವಾಗ ಸ್ವಂತಕ್ಕೆ, ಮನೆಮಂದಿಗೆ ತರಕಾರಿ ಹಣ್ಣು ಬೆಳೆಯುವ ಜಾಗ ಎಂದೇ ಹೇಳುತ್ತದೆ. ಇವತ್ತು ಬರುವವರಲ್ಲಿ ಅಪಾರ್ಟ್‌ಮೆಂಟಿನಲ್ಲಿರುವ ಇಬ್ಬರ ಸಂಸಾರ ಇದೆ, ಪುಟ್ಟ ಮಕ್ಕಳ ತಂದೆ ತಾಯಿ ಇದ್ದಾರೆ, ಮನಸ್ಸು ದಣಿದು ಮಣ್ಣು ಮುಟ್ಟಬೇಕು ಎಂದು ಬಂದವರಿದ್ದಾರೆ, ನಿವೃತ್ತರಿದ್ದಾರೆ. ಅವರಿಗೆ ಸಿಗುವುದು ವಾರಕ್ಕೆ ಮೂರು ನಾಲ್ಕು ಗಂಟೆ. ಆ ಸಮಯದಲ್ಲಿ 250 ಚದರ ಮೀಟರ್ ನೆಲವನ್ನು ಕಳೆಯಿಲ್ಲದೆ ಇಟ್ಟುಕೊಳ್ಳುವುದು ಹೊಸಬರಿಗೆ ಸಾಧ್ಯವೇ ಇಲ್ಲ.

ಇದು ಹೊಸ ವಿಷಯವೂ ಅಲ್ಲ. ಬ್ರಿಟಿಷ್ ಸರ್ಕಾರ ನೇಮಿಸಿದ್ದ ಥಾರ್ಪ್ ಸಮಿತಿ 1969ರಲ್ಲೇ ತನ್ನ ವರದಿಯಲ್ಲಿ, ಇವು ಇನ್ನು ಮುಂದೆ ಬಿಡುವಿನ ವೇಳೆಯ ತೋಟಗಳು, ಹಾಗೆಯೇ ಕರೆದು ಹಾಗೆಯೇ ರೂಪಿಸಬೇಕು ಎಂದಿತ್ತು. ಆ ಸಲಹೆಗಳಲ್ಲಿ ಹೆಚ್ಚಿನವು ಕಾಗದದಲ್ಲೇ ಉಳಿದವು. ಅಮೆರಿಕದ ಸಿಯಾಟಲ್‌ನಲ್ಲಿ 1973ರಲ್ಲಿ ಶುರುವಾದ ಪಿ-ಪ್ಯಾಚ್ ಎಂಬ ಸಮುದಾಯ ತೋಟ ಯೋಜನೆಯಲ್ಲಿ ತಾಕುಗಳು ಸಾಮಾನ್ಯವಾಗಿ 100ರಿಂದ 400 ಚದರ ಅಡಿ, ಅಂದರೆ ಹೆಚ್ಚೂಕಡಿಮೆ 10ರಿಂದ 40 ಚದರ ಮೀಟರ್. ಇವತ್ತಿನ ಜನರ ಬಿಡುವಿಗೆ ಇದು ಹೊಂದುತ್ತದೆ.

ನೀರಿನ ಲೆಕ್ಕ ಹಾಕಿದರೆ ಅಳತೆಯ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬಿಸಿಲಿನ ವಾರದಲ್ಲಿ ತರಕಾರಿಗೆ ಸುಮಾರು 25 ಮಿಲಿಮೀಟರ್‌ನಷ್ಟು ನೀರು ಬೇಕು ಎಂದಿಟ್ಟುಕೊಳ್ಳಿ. 10 ಚದರ ಮೀಟರಿನ ಮಡಿಗೆ 250 ಲೀಟರ್, ಅಂದರೆ 10 ಲೀಟರಿನ ಕ್ಯಾನಿನಲ್ಲಿ 25 ಕ್ಯಾನು. ನಲ್ಲಿ 50 ಮೀಟರ್ ದೂರ ಇದೆ, ಎರಡೂ ಕೈಯಲ್ಲಿ ಒಂದೊಂದು ಕ್ಯಾನು ಹಿಡಿದು ನಡೆಯುತ್ತೀರಿ. 13 ಸಲ ಹೋಗಿ ಬರಬೇಕು, ಒಟ್ಟು 1.3 ಕಿಲೋಮೀಟರ್. ಇದು ಒಂದೇ ಮಡಿಗೆ! ಇಡೀ 250 ಚದರ ಮೀಟರಿನಲ್ಲಿ ಬೆಳೆ ಇಟ್ಟರೆ 625 ಕ್ಯಾನು. ಎಲೆ, ಹುಲ್ಲಿನಿಂದ ನೆಲ ಮುಚ್ಚಿ, ಗೊಬ್ಬರ ಹಾಕಿ ಮಣ್ಣಿನ ಹದ ಹೆಚ್ಚಿಸಿದರೆ ಇದು ಬಹಳ ಇಳಿಯುತ್ತದೆ. ಆದರೆ ಮೊದಲ ವರ್ಷದವರ ಮಣ್ಣಿನಲ್ಲಿ ಆ ಹದ ಇನ್ನೂ ಬಂದಿರುವುದಿಲ್ಲ. ಸೋಮಾರಿತನದಿಂದ ತಾಕು ಬಿಟ್ಟುಹೋದರು ಎಂದು ಜನ ದೂರುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಎಷ್ಟೋ ಸಲ ಅವರನ್ನು ಓಡಿಸಿದ್ದು ನಲ್ಲಿಯ ದೂರ.

ಕಳೆಯದ್ದೂ ಹೀಗೆಯೇ ಒಂದು ಚಕ್ರ. ವಸಂತದಲ್ಲಿ ಉತ್ಸಾಹದಿಂದ ಇಡೀ ತಾಕನ್ನು ಅಗೆಯುತ್ತಾರೆ. ಅಗೆದಾಗ ನೆಲದಡಿ ಮಲಗಿದ್ದ ಕಳೆಬೀಜಕ್ಕೆ ಬೆಳಕು ತಾಕುತ್ತದೆ. ಗರಿಕೆಯಂಥ ಹುಲ್ಲಿನ ಬೇರು ತುಂಡಾಗಿ ಒಂದೊಂದು ತುಂಡೂ ಹೊಸ ಗಿಡವಾಗುತ್ತದೆ. ಬೇಸಿಗೆಯಲ್ಲಿ ಒಂದೆರಡು ವಾರ ರಜೆಗೆ ಹೋಗಿ ಬಂದರೆ ಮಡಿ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಅಲ್ಲಿಂದ ತೋಟಕ್ಕೆ ಬರಲು ಸಂಕೋಚ ಶುರು. ಬರುವುದು ಕಡಿಮೆಯಾದಷ್ಟೂ ಕಳೆ ಜಾಸ್ತಿ. ಕೊನೆಗೆ ಅದು ಬೀಜ ಉದುರಿಸಿ ಅಕ್ಕಪಕ್ಕದ ತಾಕುಗಳಿಗೂ ಹಬ್ಬುತ್ತದೆ. ಹೊಸಬರಿಗೆ ನಾನು ಕೊಡುವ ಸಲಹೆ ಒಂದೇ. ಮೊದಲ ವರ್ಷ ಕಾಲು ಭಾಗ ಮಾತ್ರ ಅಗೆಯಿರಿ. ಮಿಕ್ಕದ್ದನ್ನು ಹಳೆಯ ರಟ್ಟಿನಿಂದ ಮುಚ್ಚಿ, ಮೇಲೆ ಕಾಂಪೋಸ್ಟ್ ಹರಡಿ ಸುಮ್ನೆ ಬಿಡಿ. ಬೆಳಕು ಕಾಣದೆ ಬಹುಪಾಲು ಕಳೆ ಸಾಯುತ್ತದೆ, ಮುಂದಿನ ವರ್ಷ ಆ ಭಾಗ ಸುಲಭವಾಗಿ ಕೈಗೆ ಬರುತ್ತದೆ.

ಹಾಗಾದರೆ ತಾಕುಗಳನ್ನೆಲ್ಲ ತುಂಡು ಮಾಡಿಬಿಡಬೇಕೇ? ಇಲ್ಲ. ಹಳಬರಲ್ಲಿ ಇಡೀ ತಾಕನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳುವವರಿದ್ದಾರೆ. ಅವರದ್ದನ್ನು ಮುಟ್ಟುವುದು ತಪ್ಪು. ತೆರವಾದ ತಾಕನ್ನು ಮಾತ್ರ ಅರ್ಧ ಅಥವಾ ಕಾಲು ಮಾಡಿ. ಕಾಲು ತಾಕಿನವರು ಎರಡು ವರ್ಷ ಚೆನ್ನಾಗಿ ನಡೆಸಿದರೆ ಪಕ್ಕದ್ದು ತೆರವಾದಾಗ ಅವರಿಗೇ ಮೊದಲ ಅವಕಾಶ ಕೊಡಿ. ಒಂದು ಎಚ್ಚರಿಕೆ: ತುಂಡು ಮಾಡಿದಷ್ಟೂ ಕಾಲುದಾರಿ ಬೇಕು, ನಲ್ಲಿಗಳು ಬೇಕು, ಗುಡಿಸಲು ಕಟ್ಟುವ ಆಸೆಯೂ ಹೆಚ್ಚುತ್ತದೆ. ನಾಲ್ಕು ಕಾಲು ತಾಕಿಗೆ ನಾಲ್ಕು ಗುಡಿಸಲು ಬಂದರೆ ಬೆಳೆಯುವ ನೆಲ ಎಲ್ಲಿ ಉಳಿಯಿತು? ಸಲಕರಣೆಗೆ ನಾಲ್ವರಿಗೂ ಸೇರಿ ಒಂದೇ ಗುಡಿಸಲು ಸಾಕು. ಅದರ ಮಾಡಿನ ನೀರನ್ನು ಪೀಪಾಯಿಗೆ ಹಿಡಿಯಿರಿ. 6 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 60 ಲೀಟರ್, ಆರು ಕ್ಯಾನು.

ಬೇಡಿಕೆ ಇಳಿದ ವರ್ಷಗಳಲ್ಲಿ ಏನು ಮಾಡಬೇಕು ಎಂಬುದರಲ್ಲಿ ನನ್ನ ನಿಲುವು ಗಟ್ಟಿ. ಜಾಗ ಬಿಟ್ಟುಕೊಡಬಾರದು. ಬೇಡಿಕೆ ಮತ್ತೆ ಬರುತ್ತದೆ, ಅದು ಎಷ್ಟೋ ಸಲ ಬಂದಿದೆ. ಕಟ್ಟಡ ಎದ್ದ ನೆಲ ಮಾತ್ರ ತೋಟಕ್ಕೆ ವಾಪಸ್ ಬರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1925ರ ಕಾಯ್ದೆಯಿಂದ, ತೋಟಕ್ಕೆಂದೇ ಪಡೆದ ಜಾಗವನ್ನು ಸ್ಥಳೀಯ ಆಡಳಿತ ಸರ್ಕಾರದ ಸಚಿವರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಇಂಥ ರಕ್ಷಣೆ ಇಲ್ಲದ, ತಾತ್ಕಾಲಿಕವಾಗಿ ಕೊಟ್ಟ ತೋಟಗಳೇ ಮೊದಲು ಹೋಗುತ್ತವೆ. ಜರ್ಮನಿಯ 1983ರ ಕಾನೂನು ತಾಕಿಗೆ 400 ಚದರ ಮೀಟರ್, ಗುಡಿಸಲಿಗೆ 24 ಚದರ ಮೀಟರ್ ಮಿತಿ ಇಟ್ಟಿದೆ. ಅಲ್ಲಿನ ತಾಕುಗಳು ರಜಾ ಮನೆಗಳಾಗಿ ಮಾರ್ಪಡದೆ ತೋಟಗಳಾಗಿಯೇ ಉಳಿಯಲು ಈ ಮಿತಿ ನೆರವಾಗಿದೆ. ಬೇಡಿಕೆ ಇಳಿದ ವರ್ಷಗಳಲ್ಲಿ ಖಾಲಿ ಉಳಿದ ತಾಕುಗಳಲ್ಲಿ ಹಣ್ಣಿನ ಗಿಡ ನೆಡಿ, ಜೇನುನೊಣಕ್ಕೆ ಹೂವು ಬಿತ್ತಿ, ಶಾಲೆಯ ಮಕ್ಕಳಿಗೆ ಕೊಡಿ. ನೆಲ ಬಳಕೆಯಲ್ಲಿ ಇರಬೇಕು ಅಷ್ಟೇ.

ಬೇಡಿಕೆ ಏರಿದಾಗ ಅವಸರದಲ್ಲಿ ಸಿಕ್ಕ ಜಾಗವನ್ನೆಲ್ಲ ತೋಟ ಮಾಡುವುದೂ ಅಪಾಯ. ಹಳೆಯ ಕಾರ್ಖಾನೆ, ಗ್ಯಾರೇಜು, ಹೆಚ್ಚು ವಾಹನ ಓಡಾಡಿದ ರಸ್ತೆಯ ಪಕ್ಕದ ಮಣ್ಣಿನಲ್ಲಿ ಸೀಸ ಇರಬಹುದು. ಪೇಂಟು, ಪೆಟ್ರೋಲಿನಿಂದ ಬಿದ್ದ ಸೀಸ ದಶಕಗಟ್ಟಲೆ ಮೇಲ್ಮಣ್ಣಿನಲ್ಲೇ ಕೂತಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಒಂದು ತಾಕನ್ನೂ ಕೊಡಬೇಡಿ, ಮಕ್ಕಳು ಬರುವ ತೋಟವಾದರೆ ಇನ್ನೂ ಜಾಗ್ರತೆ.

ಕೊನೆಗೆ ಬಹಳ ಸಮಿತಿಗಳು ಮಾಡದೇ ಬಿಡುವ ಒಂದು ಸಣ್ಣ ಕೆಲಸ. ತಾಕು ಬಿಡುವವರನ್ನು ‘ಯಾಕೆ ಬಿಡುತ್ತಿದ್ದೀರಿ?’ ಎಂದು ಕೇಳಿ. ಜಗಳದ ದನಿಯಲ್ಲಿ ಬೇಡ, ನಿಜವಾಗಿ ತಿಳಿಯಲು ಕೇಳಿ. ಉತ್ತರವನ್ನು ತಾಕಿನ ನಂಬರಿನ ಜೊತೆ ಬರೆದಿಡಿ. ಒಂದೇ ತಾಕನ್ನು ಸಾಲಾಗಿ ಎರಡು ಮೂರು ಜನ ಬಿಟ್ಟಿದ್ದರೆ ಕಾರಣ ಜನರಲ್ಲಿಲ್ಲ. ಅಲ್ಲಿ ಮರದ ನೆರಳಿರಬಹುದು, ಮಳೆಗಾಲದಲ್ಲಿ ನೀರು ನಿಲ್ಲಬಹುದು, ಪಕ್ಕದ ಬೇಲಿಯ ಬೇರು ನುಗ್ಗಿರಬಹುದು. ಅಂಥ ತಾಕನ್ನು ನಾಲ್ಕನೆಯವರ ತಲೆಗೆ ಕಟ್ಟದೆ ಬಾಡಿಗೆ ಪಟ್ಟಿಯಿಂದಲೇ ತೆಗೆದು, ಎಲ್ಲರಿಗೂ ಸೇರಿದ ಕಾಂಪೋಸ್ಟ್ ಗುಂಡಿಯನ್ನೋ ನೀರಿನ ತೊಟ್ಟಿಯನ್ನೋ ಅಲ್ಲಿ ಮಾಡಿ.