ಸುಮ್ನೆ ಓದಿದ್ರೆ ಏನಾಗುತ್ತೆ? ಲಿನಕ್ಸ್ ಕರ್ನಲ್ ಬಾಗಿಲು ಹಾಕಿಕೊಂಡ ಕತೆ

ಮಂಡ್ಯದ ಒಂದು ಕಾಲೇಜಿನ ಲ್ಯಾಬ್. ಪೆನ್‌ಡ್ರೈವ್ ಯಾಕೆ ಕಾಣಿಸುತ್ತಿಲ್ಲ ಎಂದು ನೋಡಲು ಒಬ್ಬ ಹುಡುಗ 'ಡಿಮೆಸೇಜ್' ಕಮಾಂಡ್ ಕೊಟ್ಟ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳಾದ ಕರ್ನಲ್ ಬರೆದಿಡುವ ದಿನಚರಿ, ಅಂದರೆ ಲಾಗ್, ಬರಬೇಕಿತ್ತು. ಬಂದಿದ್ದು 'ಆಪರೇಷನ್ ನಾಟ್ ಪರ್ಮಿಟೆಡ್'.

"ಹಳೇ ಸಿಸ್ಟಮ್ಮಲ್ಲಿ ಬತ್ತಿತ್ತಲ್ಲ ಸಾರ್? ನಾನೇನು ಚೇಂಜ್ ಮಾಡ್ತಿಲ್ಲ, ಸುಮ್ನೆ ಓದ್ತಾ ಇದೀನಿ."

ಅವನ ಮಾತಿನಲ್ಲಿ ನ್ಯಾಯವಿದೆ. ನೋಡುವುದು ಬೇರೆ, ಕೈ ಹಾಕುವುದು ಬೇರೆ ಎಂದು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಆರ್‌ಎಸ್ ನೀರಿನ ಮಟ್ಟ ದಿನಾ ಪೇಪರ್‌ನಲ್ಲಿ ಬರುತ್ತದೆ. 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ಟೀ ಅಂಗಡಿಯಲ್ಲಿ ಎಲ್ಲರೂ ಲೆಕ್ಕ ಹಾಕುತ್ತಾರೆ. ಹಾಗಂತ ನಾಲೆಯ ಗೇಟು ಎತ್ತಲು ಎಲ್ಲರನ್ನೂ ಬಿಡುತ್ತಾರಾ?

ಲಿನಕ್ಸ್ ಕೂಡ ಬಹಳ ವರ್ಷ ಇದೇ ಲೆಕ್ಕದಲ್ಲಿ ನಡೆಯಿತು. ಕರ್ನಲ್‌ನ ಸೆಟ್ಟಿಂಗ್‌ಗಳು 'ಪ್ರಾಕ್' ಫೋಲ್ಡರ್ ಒಳಗಿನ 'ಸಿಸ್'ನಲ್ಲಿ ಫೈಲ್‌ಗಳ ಹಾಗೆ ಕಾಣುತ್ತವೆ. ಡಿಸ್ಕ್‌ನಲ್ಲಿ ಅಂಥ ಫೈಲ್ ಇರುವುದಿಲ್ಲ, ಕೇಳಿದಾಗ ಕರ್ನಲ್ ತಾನೇ ಉತ್ತರ ಕೊಡುತ್ತದೆ. ಹೆಚ್ಚಿನವಕ್ಕೆ ಅನುಮತಿ 644. ಅಂದರೆ ಯಂತ್ರದ ಯಜಮಾನ ಖಾತೆಯಾದ ರೂಟ್ ಬರೆಯಬಹುದು, ಉಳಿದವರು ಓದಬಹುದು.

ತಲೆನೋವು ಶುರುವಾಗಿದ್ದು ಓದುವುದರಿಂದಲೇ. ಕರ್ನಲ್‌ನಲ್ಲಿ ಒಂದು ತೂತು ಸಿಕ್ಕರೆ ದಾಳಿಕೋರನಿಗೆ ಸಾಲದು. ಯಾವ ಫಂಕ್ಷನ್ ಮೆಮೊರಿಯಲ್ಲಿ ಎಲ್ಲಿ ಕೂತಿದೆ ಎಂದೂ ಗೊತ್ತಿರಬೇಕು. ಆ ವಿಳಾಸಗಳ ಪಟ್ಟಿ 'ಕೆಆಲ್‌ಸಿಮ್ಸ್' ಎಂಬ ಫೈಲ್‌ನಲ್ಲಿ ಯಾರು ಬೇಕಾದರೂ ಓದುವಂತೆ ಬಿದ್ದಿತ್ತು. ಲಾಗ್‌ನಲ್ಲೂ ಒಂದಷ್ಟು ವಿಳಾಸ ಉದುರುತ್ತಿದ್ದವು. ಡ್ಯಾಂ ಮಟ್ಟದ ಪಕ್ಕದಲ್ಲೇ ಗೇಟಿನ ಬೀಗದ ಕೈ ಯಾವ ಮೊಳೆಗೆ ನೇತುಹಾಕಿದೆ ಎಂದೂ ಅಚ್ಚು ಹಾಕಿದ ಹಾಗೆ.

ನವೆಂಬರ್ 2010ರಲ್ಲಿ ಒಂದು ಪುಟ್ಟ ತಿದ್ದುಪಡಿ ಕರ್ನಲ್‌ಗೆ ಸೇರಿತು. ಆ ಫೈಲ್‌ನ ಅನುಮತಿ 444 ಇದ್ದದ್ದು 400 ಆಯಿತು, ಅಂದರೆ ರೂಟ್ ಬಿಟ್ಟು ಯಾರೂ ಓದುವಂತಿಲ್ಲ. ಎರಡು ಅಂಕಿಯ ಕೆಲಸ, ಅಲ್ವಾ? ಸ್ವಲ್ಪ ದಿನಕ್ಕೇ ಒಬ್ಬ ಡೆವಲಪರ್‌ನ ಕಂಪ್ಯೂಟರ್ ಬೂಟ್ ಆಗುತ್ತಾ ಆಗುತ್ತಾ ನಿಂತುಬಿಟ್ಟಿತು. ಅದರಲ್ಲಿದ್ದದ್ದು ಉಬುಂಟು 9.04ರ ಕಾಲದ 'ಕೆಲಾಗ್‌ಡಿ' ಎಂಬ ಲಾಗ್ ಬರೆಯುವ ಪ್ರೋಗ್ರಾಂ. ಹೊಸ ಅನುಮತಿಗೆ ಅದು ಕುಸಿದುಬಿದ್ದಿತ್ತು. 5 ನಿಮಿಷ ಕಾದ ಮೇಲೆ ಬೂಟ್ ಮುಂದುವರಿಯಿತು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಿದ್ದುಪಡಿಯನ್ನೇ ವಾಪಸ್ ತೆಗೆದರು. ಬೇಕಾದ ಡಿಸ್ಟ್ರೋಗಳು (ಉಬುಂಟು ಥರ ಕರ್ನಲ್ ಸುತ್ತ ಕಟ್ಟಿದ ಸಿದ್ಧ ಲಿನಕ್ಸ್‌ಗಳು) ತಮ್ಮ ಬೂಟ್ ಸ್ಕ್ರಿಪ್ಟ್‌ನಲ್ಲೇ ಬಿಗಿ ಮಾಡಿಕೊಳ್ಳಲಿ ಎಂದರು.

ನಡೆಯುತ್ತಿರುವ ಯಂತ್ರವನ್ನು ಕೆಡಿಸಬಾರದು ಎಂಬ ಅವರ ಹಟ ನನಗೆ ಒಪ್ಪಿಗೆಯೇ. ಆದರೆ ಅದರ ಬೆಲೆಯೂ ಸಣ್ಣದಲ್ಲ. ಅಲ್ಲಿಂದ ಮುಂದೆ ಕರ್ನಲ್‌ನವರು ಬೀಗ ಕೂರಿಸುವುದು, ಹಾಕುವುದನ್ನು ಡಿಸ್ಟ್ರೋಗೆ ಬಿಡುವುದು, ಇದೇ ರೂಢಿಯಾಯಿತು. ಲಾಗ್ ಮುಚ್ಚುವ 'ಡಿಮೆಸೇಜ್ ರಿಸ್ಟ್ರಿಕ್ಟ್' ಜನವರಿ 2011ರ ಕರ್ನಲ್ ಆವೃತ್ತಿ 2.6.37ರಲ್ಲಿ ಬಂತು. ವಿಳಾಸಗಳ ಜಾಗದಲ್ಲಿ ಸೊನ್ನೆ ತೋರಿಸುವ 'ಕೆಪಿಟಿಆರ್ ರಿಸ್ಟ್ರಿಕ್ಟ್' ಅದರ ಮುಂದಿನ ಆವೃತ್ತಿಯಲ್ಲಿ. ಎರಡನೆಯದನ್ನು ಉಬುಂಟು ಅದೇ ವರ್ಷ 11.04ರಲ್ಲಿ ಆನ್ ಮಾಡಿತು. ಮೊದಲನೆಯದನ್ನು ಆನ್ ಮಾಡಿದ್ದು ಅಕ್ಟೋಬರ್ 2020ರ 20.10ರಲ್ಲಿ! ಹತ್ತಿರ ಹತ್ತು ವರ್ಷ ಬೀಗ ಬಾಗಿಲಲ್ಲೇ ನೇತಾಡುತ್ತಿತ್ತು. 2012ರಲ್ಲಿ ಸಿಮ್‌ಲಿಂಕ್ (ಬೇರೆ ಫೈಲ್‌ನತ್ತ ಕೈತೋರುವ ಫೈಲ್) ರಕ್ಷಣೆಯದೂ ಇದೇ ಪಾಡು. ಮೊದಲು ಆನ್ ಇತ್ತು, ಕೆಲವು ಅಪ್ಲಿಕೇಶನ್ ಕೆಟ್ಟವು, ಅಕ್ಟೋಬರ್ ಹೊತ್ತಿಗೆ ಆಫ್.

ಈ ನಡುವೆ 2014ರ 3.14ರಲ್ಲಿ ಬೂಟ್ ಆದಾಗಲೆಲ್ಲ ಕರ್ನಲ್ ಮೆಮೊರಿಯಲ್ಲಿ ಜಾಗ ಬದಲಿಸುವ ವಿದ್ಯೆ ಬಂತು. ಆಗ ವಿಳಾಸದ ಬೆಲೆ ಇನ್ನೂ ಏರಿತು. ಒಂದೇ ಒಂದು ಸೋರಿದರೂ ಇಡೀ ಕಣ್ಣಾಮುಚ್ಚಾಲೆ ದಂಡ. 2018ರ ಶುರುವಿನಲ್ಲಿ ಬಂದ 4.15ರಿಂದ ಕರ್ನಲ್ ಮಾಮೂಲಿಯಾಗಿ ಪಾಯಿಂಟರ್ (ಮೆಮೊರಿ ವಿಳಾಸ) ಅಚ್ಚು ಹಾಕುವಾಗ ಅಸಲಿ ವಿಳಾಸದ ಬದಲು ಕಲಸಿದ ಸಂಖ್ಯೆ ಕೊಡತೊಡಗಿತು. 2019ರಲ್ಲಿ ಲಾಕ್‌ಡೌನ್ ಬಂತು. ಕೊರೊನಾದ್ದಲ್ಲ, ಅದಕ್ಕೂ ಮುಂಚಿನದು. ಬೇಕೆಂದರೆ ರೂಟ್‌ನ ಕೈಯನ್ನೇ ಕಟ್ಟುವ ಏರ್ಪಾಡು.

ಬಿಪಿಎಫ್ ಬೀಗದ ಪಾಠ ನನಗೆ ಮೈಸೂರಿನ ಒಂದು ಸಣ್ಣ ಆಫೀಸಿನಲ್ಲಿ ಆಯಿತು. ಮಾಮೂಲಿ ಬಳಕೆದಾರರು ಕರ್ನಲ್ ಒಳಗೆ ತಮ್ಮ ತುಂಡು ಪ್ರೋಗ್ರಾಂ ಓಡಿಸದಂತೆ ತಡೆಯುವ ಸೆಟ್ಟಿಂಗ್ ಅದು. ಓಡುತ್ತಿದ್ದ ಸರ್ವರ್‌ನಲ್ಲಿ ಜಾಣತನ ತೋರಿಸಿ 1 ಬರೆದೆ, ಅಂದರೆ ತಡೆ ಆನ್. ಅರ್ಧ ಗಂಟೆಗೆ ಜೊತೆಯವರ ಪ್ಯಾಕೆಟ್ ಎಣಿಸುವ ಪ್ರೋಗ್ರಾಂ ಕೈಕೊಟ್ಟಿತು. ಸರಿ, 0 ಮಾಡೋಣ ಎಂದರೆ ರೂಟ್ ಆಗಿದ್ದರೂ ಆಗಲ್ಲ ಎಂದಿತು. ಒಮ್ಮೆ 1 ಆದರೆ ರೀಬೂಟ್ ಆಗುವವರೆಗೂ 1. ರಾತ್ರಿ ಹನ್ನೊಂದಕ್ಕೆ ಸರ್ವರ್ ಇಳಿಸಿ ಏರಿಸಿದ್ದಾಯಿತು. ಆಮೇಲೆ 2 ಎಂಬ ಬೆಲೆ ಸೇರಿಸಿದರು. ತಡೆಯೇನೋ ಅದೇ, ಆದರೆ ರೂಟ್ ಮನಸ್ಸು ಬದಲಿಸಬಹುದು. ಜನವರಿ 2022ರ 5.16ರಿಂದ ಕರ್ನಲ್‌ನವರೇ ಇದನ್ನು ಡೀಫಾಲ್ಟ್ ಮಾಡಿದರು. 2010ರ ಅಂಜಿಕೆ ಅಷ್ಟರಮಟ್ಟಿಗೆ ಬಿಟ್ಟಿದೆ.

ಲ್ಯಾಬ್ ಹುಡುಗನಿಗೆ ಸೂಡೊ, ಅಂದರೆ ರೂಟ್‌ನ ಅಧಿಕಾರ, ಕೊಡುವ ಹಾಗಿರಲಿಲ್ಲ. ಅವನನ್ನು ಲಾಗ್ ಓದಲು ಬಿಡುವ 'ಎಡಿಎಂ' ಗುಂಪಿಗೆ ಸೇರಿಸಿ, ಹೊರಗೆ ಹೋಗಿ ಮತ್ತೆ ಲಾಗಿನ್ ಆಗಪ್ಪ ಎಂದೆ. ಡಿಮೆಸೇಜ್ ಆಗಲೂ ಬೈದು ಕಳಿಸಿತು. 'ಜರ್ನಲ್‌ಸಿಟಿಎಲ್' ಎಂಬ ಇನ್ನೊಂದು ಕಮಾಂಡ್ ಮಾತ್ರ ಅದೇ ಲಾಗನ್ನು ತೆಪ್ಪಗೆ ತೋರಿಸಿತು. ಉಬುಂಟುವಿನಲ್ಲಿ ಆ ಗುಂಪಿನವರಿಗೆ ಈ ದಾರಿ ಇನ್ನೂ ತೆರೆದೇ ಇದೆ. ಕೊನೆಯಲ್ಲಿ ಯುಎಸ್‌ಬಿ ಎರರ್ -71, ಅಂದರೆ ಸಾಧನದ ಜೊತೆ ಮಾತುಕತೆ ಕೆಟ್ಟಿದೆ ಎಂಬ ದೂರು, ಸಾಲುಸಾಲಾಗಿ ನಿಂತಿತ್ತು. ಹುಡುಗ ಪೆನ್‌ಡ್ರೈವ್ ಕಿತ್ತು ಹಿಂದಿನ ಪೋರ್ಟ್‌ಗೆ ಚುಚ್ಚಿದ. ಬಂತು.