‘ಸ್ಟಾಕ್ ಇಲ್ಲ’ ಎಂದ ದಿನವನ್ನೂ ಬರೆದಿಡಬೇಕು

ಸರ್ಕಾರಿ ಆಸ್ಪತ್ರೆಯ ಔಷಧ ಕೌಂಟರಿನ ಹಿಂದೆ ನಿಂತು ಇಪ್ಪತ್ತೆಂಟು ವರ್ಷವಾಯಿತು. ಈ ಕೆಲಸದಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತುಗಳಿವೆ. ಊಟ ಆದ್ಮೇಲೆ ತಗೊಳ್ಳಿ, ಇದು ರಾತ್ರಿಗೆ, ಇದನ್ನು ಪೂರ್ತಿ ಮುಗಿಸಿ. ಅವುಗಳಲ್ಲಿ ನನಗೆ ಇವತ್ತಿಗೂ ಕಷ್ಟವಾಗುವ ಮಾತು ಒಂದೇ: ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ.’

ಬಯಲುಸೀಮೆಯ ಒಂದು ತಾಲೂಕು ಆಸ್ಪತ್ರೆಯಲ್ಲಿದ್ದಾಗ ತಿಂಗಳಿಗೊಮ್ಮೆ ಬೆಳಗಿನ ಮೊದಲ ಬಸ್ಸಿಗೆ ಒಬ್ಬ ಅಜ್ಜಿ ಬರುತ್ತಿದ್ದರು. ಬಿಪಿಗೆ ಆಮ್ಲೊಡಿಪಿನ್, ದಿನಕ್ಕೊಂದು ಮಾತ್ರೆ. ಮೂವತ್ತು ಮಾತ್ರೆ ಎಣಿಸಿ ಕೊಟ್ಟರೆ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಹೋಗುವರು. ಆ ವರ್ಷ ಮಾತ್ರೆ ಮುಗಿದು ಸುಮಾರು ದಿನವಾಗಿತ್ತು. ಎರಡು ಸಲ ಬಂದು ಬರಿಗೈಲಿ ಹೋದ ಅಜ್ಜಿ ಮೂರನೇ ಸಲ ಬಂದಾಗ ನರ್ಸ್ ಬಿಪಿ ನೋಡಿ ಗಾಬರಿಯಾದರು: 190ರ ಮೇಲಿತ್ತು. ಮೆಡಿಕಲ್ ಶಾಪಲ್ಲಿ ತಗೊಂಡ್ರಾ ಅಂತ ಕೇಳಿದೆ. ‘ತಗೊಂಡೆ ಕಣಪ್ಪಾ. ದಿನಾ ಬಿಟ್ಟು ದಿನಾ ನುಂಗ್ತಾ ಇದೀನಿ. ಇರೋದು ಬೇಗ ಮುಗೀಬಾರ್ದಲ್ಲ’ ಅಂದರು.

ಆ ಮಾತು ಕೇಳಿದ ಮೇಲೆ ನಾನು ಸ್ಟಾಕ್ ರಿಜಿಸ್ಟರನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದೆ. ಔಷಧಿ ಇಲ್ಲ ಎಂದಾಗ ಜನ ಡಾಕ್ಟರನ್ನು ಬೈಯುತ್ತಾರೆ, ನಮ್ಮನ್ನು ಬೈಯುತ್ತಾರೆ, ಹೊರಗಿನ ಅಂಗಡಿಯವರ ಜೊತೆ ಒಳಒಪ್ಪಂದ ಅನ್ನುತ್ತಾರೆ. ಕಳ್ಳತನ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಾನು ಕಂಡ ಕೊರತೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಬರೆಯುವ ಮೇಜಿನ ಮೇಲೆ, ಒಂದು ಭಾಗಾಕಾರದ ಲೆಕ್ಕದಲ್ಲಿ.

ವರ್ಷಕ್ಕೊಮ್ಮೆ ಪ್ರತಿ ಆಸ್ಪತ್ರೆಯೂ ಬರುವ ವರ್ಷಕ್ಕೆ ಯಾವ ಔಷಧಿ ಎಷ್ಟು ಬೇಕೆಂದು ಬೇಡಿಕೆ ಪಟ್ಟಿ ಕಳಿಸಬೇಕು. ಜಿಲ್ಲೆಯಲ್ಲಿ ಅವೆಲ್ಲ ಕೂಡಿ, ರಾಜ್ಯದಲ್ಲಿ ಜಿಲ್ಲೆಗಳೆಲ್ಲ ಕೂಡಿ, ಆ ಮೊತ್ತಕ್ಕೆ ಟೆಂಡರ್ ಆಗುತ್ತದೆ. ಆಸ್ಪತ್ರೆಯವರು ಪಟ್ಟಿಯನ್ನು ಹೇಗೆ ತಯಾರಿಸುತ್ತಾರೆ? ಕಳೆದ ವರ್ಷ ಎಷ್ಟು ಖರ್ಚಾಗಿದೆ ಎಂದು ನೋಡುತ್ತಾರೆ, ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿಯೋ ಸೇರಿಸದೆಯೋ ಬರೆಯುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಎಡವಟ್ಟಾಗುವುದು ಇಲ್ಲೇ.

ಒಂದು ಆಸ್ಪತ್ರೆಗೆ ತಿಂಗಳಿಗೆ 6,000 ಆಮ್ಲೊಡಿಪಿನ್ ಮಾತ್ರೆ ಬೇಕು ಅಂದುಕೊಳ್ಳಿ. ವರ್ಷಕ್ಕೆ 72,000. ಏನೋ ಕಾರಣಕ್ಕೆ ಆ ವರ್ಷ ಬಂದದ್ದು 42,000. ಏಳು ತಿಂಗಳಿಗೆ ಮುಗಿಯಿತು, ಉಳಿದ ಐದು ತಿಂಗಳು ಕೌಂಟರಿನಲ್ಲಿ ‘ಇಲ್ಲ’. ವರ್ಷದ ಕೊನೆಗೆ ರಿಜಿಸ್ಟರ್ ತೆಗೆದರೆ ಖರ್ಚಿನ ಕಾಲಮ್ಮಿನಲ್ಲಿರುವುದು 42,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,500. ಹಾಗಾದರೆ ಈ ಆಸ್ಪತ್ರೆಗೆ ಬೇಕಾದ್ದೇ ಅಷ್ಟು ಎಂದು ಕಾಗದ ಹೇಳುತ್ತದೆ. ಮುಂದಿನ ವರ್ಷಕ್ಕೂ 42,000 ಬರೆದು ಕಳಿಸುತ್ತಾರೆ, ಅಷ್ಟೂ ಬರುತ್ತದೆ, ಮತ್ತೆ ಏಳೇ ತಿಂಗಳಿಗೆ ಮುಗಿಯುತ್ತದೆ. ಯಾರೂ ತಪ್ಪು ಮಾಡಿಲ್ಲ. ಬೇಡಿಕೆಯ ಪೂರ್ತಿ ಸರಬರಾಜಾಗಿದೆ ಎಂದು ಜಿಲ್ಲಾ ಸಭೆಯಲ್ಲಿ ನೂರಕ್ಕೆ ನೂರು ಪ್ರಗತಿಯೂ ಬರುತ್ತದೆ. ಅಜ್ಜಿ ಮಾತ್ರ ದಿನ ಬಿಟ್ಟು ದಿನ ನುಂಗುತ್ತಿರುತ್ತಾರೆ.

ಸರಿಯಾದ ಲೆಕ್ಕ ಕಷ್ಟವೇನಲ್ಲ. ಖರ್ಚನ್ನು ಹನ್ನೆರಡರಿಂದ ಭಾಗಿಸಬಾರದು, ಸ್ಟಾಕ್ ಇದ್ದ ತಿಂಗಳುಗಳಿಂದ ಭಾಗಿಸಬೇಕು. 42,000ವನ್ನು ಏಳರಿಂದ ಭಾಗಿಸಿದರೆ 6,000. ಅದನ್ನು ಹನ್ನೆರಡರಿಂದ ಗುಣಿಸಿದರೆ ನಿಜವಾದ ಅಗತ್ಯ ಸಿಗುತ್ತದೆ. ಆದರೆ ಇದಕ್ಕೆ ಸ್ಟಾಕ್ ಇಲ್ಲದ ದಿನಗಳು ಎಲ್ಲಾದರೂ ದಾಖಲಾಗಿರಬೇಕು. ರಿಜಿಸ್ಟರಿನಲ್ಲಿ ಬಂದದ್ದಕ್ಕೆ ಕಾಲಮ್ ಇದೆ, ಕೊಟ್ಟದ್ದಕ್ಕೆ ಇದೆ, ಉಳಿದದ್ದಕ್ಕೆ ಇದೆ. ಕೇಳಿಕೊಂಡು ಬಂದು ಸಿಗದೆ ಹೋದವರಿಗೆ ಕಾಲಮ್ಮಿಲ್ಲ.

ಅದಕ್ಕೇ ನಾನು ಇನ್ನೂರು ಪುಟದ ಒಂದು ಉದ್ದನೆಯ ನೋಟ್‌ಬುಕ್ ಇಟ್ಟೆ. ತಾರೀಕು, ಔಷಧಿಯ ಹೆಸರು, ಚೀಟಿಯಲ್ಲಿ ಬರೆದ ಸಂಖ್ಯೆ, ಅಷ್ಟೇ. ನಮ್ಮವರು ಅದನ್ನು ‘ಇಲ್ಲದ ಪುಸ್ತಕ’ ಎಂದು ಕರೆಯತೊಡಗಿದರು. ಆಗಿನ ಆಡಳಿತ ವೈದ್ಯಾಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ‘ಕೊಡದೆ ಇದ್ದದ್ದನ್ನ ನಾವೇ ಬರೆದಿಟ್ಟು ಆಡಿಟ್‌ನವರ ಕೈಗೆ ಕೊಡ್ಬೇಕಾ?’ ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಇಲಾಖೆಯಲ್ಲಿ ಬರೆದವನಿಗೆ ನೋಟಿಸ್ ಬರುತ್ತದೆ, ಬರೆಯದವನು ಸುಮ್ಮನೆ ಪಾರಾಗುತ್ತಾನೆ. ಆದರೂ ಮುಂದಿನ ಇಂಡೆಂಟಿನ ಜೊತೆ ಆ ಪುಸ್ತಕದ ಒಟ್ಟು ಲೆಕ್ಕ ಲಗತ್ತಿಸಲು ಅವರೇ ಸಹಿ ಹಾಕಿದರು. ಜಿಲ್ಲೆಯಿಂದ ಒಂದೇ ಪ್ರಶ್ನೆ ಬಂತು: ಒಮ್ಮೆಲೇ ಇಷ್ಟು ಜಾಸ್ತಿ ಯಾಕೆ? ಉತ್ತರ ಕೈಯಲ್ಲಿತ್ತು.

ಸರಾಸರಿ ಲೆಕ್ಕ ಕೈಕೊಡುವ ಇನ್ನೊಂದು ಜಾಗ ಹಾವಿನ ಕಡಿತದ ಇಂಜೆಕ್ಷನ್, ನಾವು ಎಎಸ್‌ವಿ ಎನ್ನುವುದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಬರುವುದು ಒಂದೇ ಮದ್ದು. ವಿಷ ಏರಿದ ಲಕ್ಷಣ ಕಂಡರೆ ಮೊದಲ ಸುತ್ತಿಗೇ ಹತ್ತು ವಯಲ್ (ಔಷಧಿಯ ಪುಟ್ಟ ಬಾಟಲಿ) ಬೇಕಾಗುತ್ತದೆ, ಮಗುವಾದರೂ ಅಷ್ಟೇ, ದೊಡ್ಡವರಾದರೂ ಅಷ್ಟೇ. ವರ್ಷಕ್ಕೆ 240 ವಯಲ್ ಖರ್ಚಾದರೆ ತಿಂಗಳಿಗೆ ಇಪ್ಪತ್ತು ಎಂದು ಕಾಗದ ಹೇಳುತ್ತದೆ. ಆದರೆ ಹಾವು ತಿಂಗಳ ಸರಾಸರಿ ನೋಡಿ ಕಚ್ಚುವುದಿಲ್ಲ. ಮುಂಗಾರು ಬಿತ್ತನೆಯಲ್ಲಿ, ಆಮೇಲೆ ಕಡಲೆಕಾಯಿ ಕೀಳುವ ಹೊತ್ತಿಗೆ ಒಂದೇ ವಾರದಲ್ಲಿ ನಾಲ್ಕು ಜನ ಬರುತ್ತಾರೆ. ಇಪ್ಪತ್ತು ವಯಲ್ ಇಬ್ಬರಿಗೆ. ಮೂರನೆಯವರನ್ನು ಆಂಬುಲೆನ್ಸಿಗೆ ಹತ್ತಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು, ದಾರಿ ಒಂದೂವರೆ ಗಂಟೆ. ಹಾಗಾಗಿ ಮೇ ತಿಂಗಳ ಕೊನೆಗೇ ಸ್ಟಾಕ್ ತುಂಬಿಸಿಕೊಳ್ಳುವುದು ನನ್ನ ರೂಢಿ. ಪುಡಿ ರೂಪದ್ದು ಬಂದರೆ ಇನ್ನೂ ಒಳ್ಳೆಯದು, ಫ್ರಿಡ್ಜ್ ಇಲ್ಲದ ಕಡೆಗೂ ಕಳಿಸಬಹುದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇದು ಬಹಳ ಒಳ್ಳೆಯ ಕೆಲಸ. ಯಾವ ಹೋಬಳಿಯಲ್ಲಿ ಯಾವ ತಿಂಗಳು ಎಷ್ಟು ಪ್ರಕರಣ ಎಂಬ ಲೆಕ್ಕ ಸಿಕ್ಕರೆ ವಯಲ್‌ಗಳನ್ನು ಅದರ ಪ್ರಕಾರವೇ ಹಂಚಬಹುದು. ಹಂಚಬೇಕು.

ಇನ್ನು ಮೇಲಿನ ಹಂತದ ಮಾತು. ರಾಜ್ಯಕ್ಕೆಲ್ಲ ಔಷಧಿ ಕೊಳ್ಳುವ ಕೆಲಸ ಮೊದಲು ಡ್ರಗ್ ಲಾಜಿಸ್ಟಿಕ್ಸ್ ಅಂಡ್ ವೇರ್‌ಹೌಸಿಂಗ್ ಸೊಸೈಟಿಯದಾಗಿತ್ತು, ಈಗ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ್ದು. 1999ರ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಬೇಕು. ಯಾರೂ ಬರದಿದ್ದರೆ ಮತ್ತೆ ಕರೆಯಬೇಕು. ಹಿಂದಿನ ಬಿಲ್ಲು ಬಾಕಿಯಿದ್ದರೆ ಒಳ್ಳೆಯ ಕಂಪನಿಗಳು ಬರುವುದಿಲ್ಲ, ಬಂದರೂ ರೇಟು ಏರಿಸುತ್ತವೆ. ಸಕಾಲಕ್ಕೆ ಹಣ ಪಾವತಿಸುವುದೇ ಅಗ್ಗದ ದರದ ಗುಟ್ಟು ಎಂಬುದು ಕಿರಾಣಿ ಅಂಗಡಿ ನಡೆಸುವವರಿಗೂ ಗೊತ್ತು.

ನೆರೆಯ ತಮಿಳುನಾಡು 1994ರಲ್ಲೇ ವೈದ್ಯಕೀಯ ಸೇವಾ ನಿಗಮ ಮಾಡಿಕೊಂಡಿತು. ಅಲ್ಲಿನ ಏರ್ಪಾಡಿನಲ್ಲಿ ನನಗೆ ಅತಿ ಇಷ್ಟವಾದದ್ದು ಪಾಸ್‌ಬುಕ್. ಪ್ರತಿ ಆಸ್ಪತ್ರೆಗೂ ವರ್ಷಕ್ಕೆ ಇಂತಿಷ್ಟು ರೂಪಾಯಿಯ ಔಷಧಿ ಎಂದು ಮಿತಿ ಇರುತ್ತದೆ. ಬ್ಯಾಂಕಿನ ಖಾತೆಯಿಂದ ಹಣ ತೆಗೆದಂತೆ, ಬೇಕಾದ ಔಷಧಿಯನ್ನು ಬೇಕಾದಾಗ ಜಿಲ್ಲಾ ಉಗ್ರಾಣದಿಂದ ತರಬಹುದು. ಈ ತಿಂಗಳು ಜ್ವರ ಜಾಸ್ತಿಯೋ, ಪ್ಯಾರಾಸಿಟಮಾಲ್ ಹೆಚ್ಚು ತರುತ್ತಾರೆ. ಹೋದ ವರ್ಷ ಬರೆದ ಪಟ್ಟಿಗೆ ಕಟ್ಟುಬೀಳಬೇಕಾಗಿಲ್ಲ. ನಮ್ಮಲ್ಲಿ ಒಂದು ತಾಲೂಕಿನಲ್ಲಿ ಕೆಮ್ಮಿನ ಸಿರಪ್ಪು ಎಕ್ಸ್‌ಪೈರಿಗೆ ಬಂದು ಕೂತಿರುತ್ತದೆ, ಪಕ್ಕದ ತಾಲೂಕಿನಲ್ಲಿ ಅದೇ ಸಿರಪ್ಪಿಗೆ ಜನ ಪರದಾಡುತ್ತಿರುತ್ತಾರೆ. ಕಂಪ್ಯೂಟರಿನಲ್ಲಿ ಎಲ್ಲರ ಸ್ಟಾಕೂ ಕಾಣುತ್ತದೆ, ನಿಜ. ಆದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಲು ಅನುಮತಿ ಬೇಕು, ಗಾಡಿ ಬೇಕು, ಡೀಸೆಲ್ ಬೇಕು.

ತುರ್ತಿಗೆ ಸ್ಥಳೀಯವಾಗಿ ಕೊಳ್ಳಲು ಆರೋಗ್ಯ ರಕ್ಷಾ ಸಮಿತಿಯ ಹಣವಿದೆ. ತಾಲೂಕು ಆಸ್ಪತ್ರೆಯಲ್ಲಿ ಅದರ ಅಧ್ಯಕ್ಷರು ಶಾಸಕರು. ಸಭೆ ಕೂಡಿದರೆ ಹಣ ಬಿಡುಗಡೆ, ಕೂಡದಿದ್ದರೆ ಇಲ್ಲ. ಕೇಂದ್ರದ ಯೋಜನೆಗಳ ಹಣವೂ 2021ರಿಂದ ಶೂನ್ಯ ಶಿಲ್ಕಿನ ಖಾತೆಗೆ ಬಂದಿದೆ. ಅಂದರೆ ಹಣ ಆಸ್ಪತ್ರೆಯ ಖಾತೆಯಲ್ಲಿ ಕೂತಿರುವುದಿಲ್ಲ, ಮೇಲೆ ಒಂದೇ ಕಡೆ ಇರುತ್ತದೆ, ನಮಗಿರುವುದು ಖರ್ಚಿನ ಮಿತಿ ಮಾತ್ರ. ದುಡ್ಡು ಎಲ್ಲೆಲ್ಲೋ ಕೊಳೆಯುವುದು ತಪ್ಪಿತು, ಅದು ಒಳ್ಳೆಯದೇ. ಆದರೆ ಆ ಮಿತಿ ಸಮಯಕ್ಕೆ ಬರದಿದ್ದರೆ ಗ್ಲೌಸಿಗೂ ಪರದಾಟ.

ಪ್ರಮಾಣದ ಬಗ್ಗೆ ಇಷ್ಟು ಬರೆದು ಗುಣಮಟ್ಟದ ಬಗ್ಗೆ ಸುಮ್ಮನಿರಲಾರೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಡ್ರಿಪ್‌ಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ತಯಾರಕರ ದ್ರಾವಣವನ್ನು ರಾಜ್ಯದಲ್ಲೆಲ್ಲ ತಡೆಹಿಡಿದರು. ಅಂಥ ಆದೇಶ ಬಂದ ಗಳಿಗೆಯಲ್ಲಿ ನಮ್ಮಂಥವರ ಕೆಲಸ ಏನು ಗೊತ್ತೇ? ಆ ಬಾಟಲಿಗಳು ಈಗ ಎಲ್ಲಿವೆ ಎಂದು ಹುಡುಕುವುದು. ಉಗ್ರಾಣದಿಂದ ಬಂದ ಬ್ಯಾಚ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಬಾಟಲಿಗಳ ಗುರುತಿನ ಸಂಖ್ಯೆ, ನಮ್ಮ ಸ್ಟಾಕ್ ರಿಜಿಸ್ಟರಿನಲ್ಲಿರುತ್ತದೆ. ಅಲ್ಲಿಂದ ಹೆರಿಗೆ ವಾರ್ಡಿಗೆ, ಆಪರೇಷನ್ ಥಿಯೇಟರಿಗೆ, ತುರ್ತು ವಿಭಾಗಕ್ಕೆ ಹೋಗುವಾಗ ವಾರ್ಡ್ ಇಂಡೆಂಟಿನಲ್ಲಿ ‘ಆರ್‌ಎಲ್ 40’ ಎಂದಷ್ಟೇ ಬರೆಯುವುದು ಎಷ್ಟೋ ಕಡೆ ರೂಢಿ. ಯಾವ ಬ್ಯಾಚು ಯಾವ ಮಂಚದ ಪಕ್ಕ ತೂಗಾಡುತ್ತಿದೆ ಎಂದು ಹೇಳಲಾಗುವುದಿಲ್ಲ. ವಾರ್ಡ್ ಇಂಡೆಂಟಿನಲ್ಲಿ ಬ್ಯಾಚ್ ನಂಬರ್, ರೋಗಿಯ ಕೇಸ್ ಶೀಟಿನಲ್ಲಿ ಬ್ಯಾಚ್ ನಂಬರ್: ಇವೆರಡನ್ನು ಪ್ರತಿ ಆಸ್ಪತ್ರೆಯಲ್ಲೂ ಕಡ್ಡಾಯ ಮಾಡಲೇಬೇಕು. ಇದಕ್ಕೆ ಟೆಂಡರ್ ಬೇಡ, ಅನುದಾನ ಬೇಡ. ಬರೆಯುವ ಸಿಸ್ಟರ್‌ಗಳಿಗೆ ಕೈತುಂಬ ಕೆಲಸವಿದೆ, ಗೊತ್ತು. ಹೆಚ್ಚಿಗೆ ಒಬ್ಬರನ್ನು ಕೊಡಿ, ಆದರೂ ಬರೆಸಿ.

2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ‘ಗೃಹ ಆರೋಗ್ಯ’ ಶುರುವಾಯಿತು. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಯೋಜನೆ. ಇದರಿಂದ ತಮಗೆ ಬಿಪಿ ಇದೆಯೆಂದೇ ಗೊತ್ತಿರದ ಎಷ್ಟೋ ಜನ ನಮ್ಮ ಕೌಂಟರಿಗೆ ಬರುತ್ತಾರೆ, ಬರಲಿ. ಆದರೆ ಅವರ ಹೆಸರು ಕಳೆದ ವರ್ಷದ ಖರ್ಚಿನಲ್ಲಿ ಎಲ್ಲೂ ಇಲ್ಲ. ಮನೆಗೆ ಹೋಗಿ ಕಾಯಿಲೆ ಕಂಡುಹಿಡಿದು, ಆಸ್ಪತ್ರೆಗೆ ಬಂದಾಗ ಮಾತ್ರೆ ಇಲ್ಲ ಅಂದರೆ ಆ ಮನುಷ್ಯ ಮತ್ತೆ ಬರುವುದಿಲ್ಲ. ತಪಾಸಣೆ ಮಾಡಿದ ತಂಡದ ಅಂಕಿಅಂಶ ಫಾರ್ಮಸಿಯ ಮೇಜಿಗೆ ತಿಂಗಳು ತಿಂಗಳೂ ಬರಬೇಕು.

ಓದುತ್ತಿರುವ ನಿಮ್ಮಲ್ಲಿ ಒಂದು ವಿನಂತಿ. ಕೌಂಟರಿನಲ್ಲಿ ‘ಇಲ್ಲ’ ಅಂದಾಗ ಜಗಳ ಬೇಡ, ಸುಮ್ಮನೆ ಹೊರಟುಹೋಗುವುದೂ ಬೇಡ. ‘ಇದನ್ನ ಬರ್ಕೊಂಡ್ರಾ?’ ಅಂತ ಕೇಳಿ. ನಿಮ್ಮೂರಿನ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆಂದು ತಿಳಿದುಕೊಂಡು, ಹೋದ ಸಭೆ ಯಾವಾಗ ಆಯಿತೆಂದು ವಿಚಾರಿಸಿ.

ಈಗಿರುವ ಆಸ್ಪತ್ರೆಯಲ್ಲೂ ಅಂಥದ್ದೇ ನೋಟ್‌ಬುಕ್ ಇಟ್ಟಿದ್ದೇನೆ. ಈ ತಿಂಗಳ ಪುಟದಲ್ಲಿ ಮೂರು ಹೆಸರಿವೆ: ಫಿಟ್ಸ್ ಮಾತ್ರೆ, ಮಕ್ಕಳ ಐರನ್ ಸಿರಪ್ಪು, ಕಣ್ಣಿನ ಒಂದು ಡ್ರಾಪ್ಸ್. ಫಿಟ್ಸ್ ಮಾತ್ರೆಗೆ ಹನ್ನೊಂದು ಜನ ಬಂದು ಹೋಗಿದ್ದಾರೆ. ಪಕ್ಕದ ತಾಲೂಕಿನಲ್ಲಿ ಎರಡು ಡಬ್ಬ ಇದೆಯಂತೆ, ನಿನ್ನೆ ಫೋನು ಮಾಡಿ ಕೇಳಿದೆ. ಸೋಮವಾರ ಲಸಿಕೆ ತರಲು ಹೋಗುವ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದೇವೆ. ಆ ಹನ್ನೊಂದು ಜನರಿಗೂ ಆಶಾ ಕಾರ್ಯಕರ್ತೆಯರ ಮೂಲಕ ಹೇಳಿ ಕಳಿಸಿದ್ದೇನೆ.